ಎಲ್ಲರದ್ದೂ ಆದಮೇಲೆ

ಹೋಟೆಲಿನ ಕೌಂಟರಿನಿಂದ,
ಏಪ್ರಿಲ್ ೨೧, ಭಾನುವಾರ ಮಧ್ಯಾಹ್ನ

ಪ್ರೀತಿಯ ಅತ್ತೆ,

ನಿಮ್ಮ ಸೊಸೆಯ ನಮಸ್ಕಾರ. ಮಂಡಿ ಹೇಗಿದೆ? ಹೊಲಿಗೆ ಬಿಚ್ಚಿದ ಮೇಲೆ ಊತ ಇಳಿಯಿತೇ? ಕೋಲು ಹಿಡಿದು ಗೇಟಿನವರೆಗೆ ನಡೆದಿರೆಂದು ನಿಮ್ಮ ಮಗಳು ಹೇಳಿದಾಗ ಖುಷಿಯಾಯಿತು. ಗೇಟಿನ ಹತ್ತಿರ ಕಸ ಕಂಡು ಪೊರಕೆ ಕೇಳಿದಿರೆಂದಾಗ ಆ ಖುಷಿ ಅರ್ಧ ಇಳಿಯಿತು. ಡಾಕ್ಟರು ನಡೆಯಿರಿ ಎಂದದ್ದು, ಗುಡಿಸಿ ಎಂದದ್ದಲ್ಲ. ಮಾತ್ರೆಗಳನ್ನು ತಪ್ಪದೆ ನುಂಗುತ್ತಿದ್ದೀರಿ ತಾನೆ? ಕಹಿ ಎಂದು ದಿಂಬಿನ ಕೆಳಗೆ ಸೇರಿಸುವ ನಿಮ್ಮ ವಿದ್ಯೆ ಈಗ ಅವಳಿಗೂ ಗೊತ್ತು, ನಾನೇ ಹೇಳಿದ್ದೇನೆ. ಬೈಯುವುದಿದ್ದರೆ ನನಗೇ ಬೈಯಿರಿ, ಪಾಪ ಅವಳಿಗೆ ಬೇಡ.

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಿಮ್ಮ ಮಗ ಮಹಡಿಯ ಮೇಲಿನ ನಲ್ಲಿ ರಿಪೇರಿ ಮಾಡಲು ಹೋಗಿ ಕೆಳಗಿನ ನಲ್ಲಿಯಲ್ಲೂ ನೀರು ನಿಲ್ಲಿಸಿದರು. ಕೊನೆಗೆ ಪ್ಲಂಬರನ್ನೇ ಕರೆಸಿದೆವು. ಅಡಿಗೆಯ ಗುಡುಗಣ್ಣನ ಗಂಟಲು ಎಂದಿನಂತೆಯೇ ಇದೆ, ಅವನು ಒಗ್ಗರಣೆಗೆ ಬೈದರೂ ಬಸ್ ನಿಲ್ದಾಣಕ್ಕೆ ಕೇಳಿಸುತ್ತದೆ. ಸೀಸನ್ ಶುರುವಾಗಿದೆ, ಆದರೆ ಹೋದವಾರ ಪೂರ್ತಿ ಮಂಜು. ಬೆಟ್ಟ ಕಾಣುವ ರೂಮು ಬೇಕೇಬೇಕೆಂದು ಹಟ ಹಿಡಿದು ತೆಗೆದುಕೊಂಡಿದ್ದ ಒಬ್ಬರು ಬೆಳಗ್ಗೆ ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಕೆಳಗಿಳಿದು ಬಂದು, "ಈ ಮಂಜನ್ನ ಎಷ್ಟು ಗಂಟೆಗೆ ತೆಗೀತೀರಿ?" ಎಂದು ಕೇಳಿದರು. ನಿಮ್ಮ ಮಗ ಮುಖ ಗಂಭೀರವಾಗಿಟ್ಟುಕೊಂಡು, "ತಿಂಡಿ ಆದ್ಮೇಲೆ ಸರ್" ಎಂದರು. ನಾನು ಒಳಗೆ ಓಡಿಹೋಗಿ ನಕ್ಕೆ. ಅವರ ಪುಣ್ಯವೋ ನಮ್ಮ ಪುಣ್ಯವೋ, ತಿಂಡಿಯ ನಂತರ ಸ್ವಲ್ಪ ಬಿಸಿಲು ಬಂತು.

ಆದರೆ ನಾನು ಇವತ್ತು ಕೂತು ಬರೆಯುತ್ತಿರುವುದು ಒಬ್ಬ ಅಜ್ಜಿಯ ವಿಷಯ. ಬ್ಯಾಂಕಿನ ಮ್ಯಾನೇಜರೊಬ್ಬರು ಹೆಂಡತಿಯನ್ನೂ ತಾಯಿಯನ್ನೂ ಕರೆದುಕೊಂಡು ಒಂದು ವಾರಕ್ಕೆಂದು ಬಂದಿದ್ದರು. ಆ ತಾಯಿಯೇ ಈ ಅಜ್ಜಿ. ಜೀವನದಲ್ಲಿ ಮೊದಲ ಪ್ರವಾಸವಂತೆ. ಬಂದ ಮರುದಿನ ಬೆಳಗ್ಗೆ ನಾನು ರೂಮು ಗುಡಿಸಲು ಹೋದರೆ ಅಲ್ಲಿ ಗುಡಿಸಲು ಏನೂ ಉಳಿದಿರಲಿಲ್ಲ. ಹಾಸಿಗೆ ಮಡಿಸಿ, ನೆಲ ಒರೆಸಿ, ನಮ್ಮ ಟವೆಲ್ಲುಗಳನ್ನೆಲ್ಲ ಒಗೆದು ಬಾಲ್ಕನಿಯ ಉದ್ದಕ್ಕೂ ಒಣಹಾಕಿದ್ದರು. ಬೀದಿಯಿಂದ ನೋಡಿದವರಿಗೆ ನಾವು ಹೋಟೆಲು ಮುಚ್ಚಿ ಲಾಂಡ್ರಿ ಇಟ್ಟೆವೇನೋ ಅನ್ನಿಸಬೇಕು. ನಾನು ಟವೆಲ್ಲು ತೆಗೆಯಲು ಹೋದರೆ, "ಬಿಡಮ್ಮ, ಇನ್ನೂ ಹಸಿ ಇದೆ" ಎಂದು ನನ್ನನ್ನೇ ತಡೆದರು.

ಆಮೇಲೆ ಅಡಿಗೆಮನೆಗೆ ಇಳಿದರು. ತೊಳೆದಿಟ್ಟ ಲೋಟಗಳನ್ನು ಮತ್ತೆ ತೊಳೆದರು. ಗುಡುಗಣ್ಣ ಹೆಚ್ಚಿಟ್ಟ ಈರುಳ್ಳಿ ದಪ್ಪವಾಯಿತೆಂದು ಅದನ್ನೇ ಇನ್ನೊಮ್ಮೆ ಹೆಚ್ಚಲು ಕೂತು ಅರ್ಧ ನೆಲಕ್ಕೆ ಚೆಲ್ಲಿದರು. ಅವನು ಸೌಟು ಹಿಡಿದುಕೊಂಡೇ ಕೌಂಟರಿಗೆ ಬಂದು, "ಅಕ್ಕಾ, ಈ ಅಡಿಗೆಮನೇಲಿ ಆಯಮ್ಮ ಇರ್ಬೇಕು, ಇಲ್ಲಾ ನಾನಿರ್ಬೇಕು" ಎಂದ. ಅವನಿಗೆ ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆ ಇತ್ತು, ಎಲ್ಲಿ ಅವರನ್ನೇ ಇಟ್ಟುಕೊಂಡುಬಿಡುತ್ತೇವೋ ಎಂದು. ಅವನ ಗುಡುಗು ಮೇಲಿನ ರೂಮಿಗೂ ಮುಟ್ಟಿತು. ಮ್ಯಾನೇಜರು ಕೆಂಪಗಾಗಿ ಇಳಿದು ಬಂದರು. ಊಟದ ಹಾಲಿನಲ್ಲಿ, ನಾಲ್ಕು ಜನರ ಎದುರಿಗೇ, "ಅಮ್ಮಾ, ಇಷ್ಟು ದೂರ ಕರ್ಕೊಂಡು ಬಂದಿರೋದು ಪಾತ್ರೆ ತೊಳೆಯೋಕಾ? ನಮ್ಮ ಮಾನ ತೆಗೀಬೇಡ. ಸುಮ್ನೆ ಕೂತ್ಕೊಳ್ಳೋಕೆ ಆಗಲ್ವಾ ನಿನ್ಗೆ?" ಎಂದುಬಿಟ್ಟರು. ಅಜ್ಜಿ ತಲೆ ತಗ್ಗಿಸಿ ಸೆರಗಿಗೆ ಕೈ ಒರೆಸಿಕೊಂಡು, "ಕೂತ್ಕೊಂಡು ಏನ್ ಮಾಡ್ಲಿ ಮಗಾ?" ಎಂದರು. ಎದುರುತ್ತರವಲ್ಲ ಅತ್ತೆ, ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ ಪ್ರಶ್ನೆ ಅದು. ಅಜ್ಜಿ ಕಿಟಕಿಯ ಪಕ್ಕದ ಕುರ್ಚಿಯ ತುದಿಯಲ್ಲಿ ಕೂತರು. ಆಸ್ಪತ್ರೆಯಲ್ಲಿ ತಮ್ಮ ಹೆಸರು ಕೂಗುವುದನ್ನು ಕಾಯುವವರು ಕೂರುತ್ತಾರಲ್ಲ, ಹಾಗೆ.

ಮರುದಿನ ಮಗ ಸೊಸೆ ಜೀಪು ಮಾಡಿಕೊಂಡು ಜಲಪಾತ ನೋಡಲು ಹೋದರು. ಅಜ್ಜಿ ಕಾಲು ನೋವೆಂದು ಉಳಿದರು. ಸೊಸೆ ಹೋಗುವಾಗ ನನ್ನ ಕೈ ಹಿಡಿದು, "ಸ್ವಲ್ಪ ನೋಡ್ಕೊಳ್ಳಿ, ನಾನು ಹೇಳಿದ್ರೆ ಅವ್ರು ಕೇಳಲ್ಲ" ಎಂದಳು. ಒಳ್ಳೆಯ ಹುಡುಗಿ. ನಾನು ಏನೋ ಉಪಕಾರ ಮಾಡುವವಳಂತೆ ಅಜ್ಜಿಗೆ ಒಂದು ಬುಟ್ಟಿ ಬಟಾಣಿ ಕೊಟ್ಟೆ, ಸುಲಿಯುತ್ತಾ ಕೂತಿರಲಿ ಎಂದು. ಮುಖ ಅರಳಿತು. ಸುಲಿದು ಮುಗಿಸಿ ಬುಟ್ಟಿ ಒಳಗೆ ಕೊಡಲು ಹೋದವರು ಅಡಿಗೆಮನೆಯ ಬಾಗಿಲಲ್ಲೇ ಕುಸಿದರು. ಹಿಡಿದುಕೊಂಡದ್ದು ಗುಡುಗಣ್ಣ! ಬಟಾಣಿ ನೆಲದ ತುಂಬ ಉರುಳಿತು. ನೀರು ಚಿಮುಕಿಸಿ, ಗಾಳಿ ಬೀಸಿ, ಕಣ್ಣು ಬಿಟ್ಟ ಮೇಲೆ ಕೇಳಿದರೆ, ಬೆಳಗ್ಗೆಯಿಂದ ಏನೂ ತಿಂದಿಲ್ಲ. ಹಿಂದಿನ ದಿನವೂ ಅಷ್ಟೇ, ಮಧ್ಯಾಹ್ನ ದಾಟಿದ ಮೇಲೆ ರೂಮಿನಲ್ಲಿ ಎರಡು ಬಿಸ್ಕತ್ತು. "ಯಾಕಜ್ಜಿ, ನನ್ನ ಕೈ ಅಡಿಗೆ ಸೇರಲ್ವಾ?" ಎಂದು ಗುಡುಗಣ್ಣ ಕೇಳಿದ. ಅವನು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಮೊದಲ ಸಲ ಕೇಳಿದೆ.

"ಹಾಗಲ್ಲಪ್ಪ, ಎಲ್ರದ್ದೂ ಆಗ್ಲಿ ಅಂತ ನೋಡ್ತಿದ್ದೆ. ಒಬ್ರು ಎದ್ರೆ ಇನ್ನೊಬ್ರು ಬಂದು ಕೂರ್ತಾರೆ."

"ಅಯ್ಯೋ ನನ್ನಮ್ಮಾ, ಇದು ಹೋಟ್ಲು! ಇಲ್ಲಿ ಎಲ್ರದ್ದೂ ಅನ್ನೋದು ಆಗೋದೇ ಇಲ್ಲ!"

ಮನೆಯಲ್ಲಿ ಎಲ್ಲರದ್ದೂ ಮುಗಿದ ಮೇಲೆ ಉಂಡು ಅಭ್ಯಾಸವಾದ ಜೀವ. ಇಲ್ಲಿಯೂ ಹಾಗೇ ಕಾದಿದೆ, ಗುರುತು ಪರಿಚಯವಿಲ್ಲದ ಇಡೀ ಹಾಲಿನ ಜನ ಉಂಡು ಏಳಲಿ ಎಂದು. ಮಗ ಸೊಸೆ ಕರೆದಾಗಲೆಲ್ಲ "ನೀವು ಮಾಡಿ, ನಂದು ಆಮೇಲೆ" ಎಂದಿದ್ದಾರೆ. ಅವರೂ ಆಮೇಲೆ ಆಯಿತೆಂದೇ ತಿಳಿದಿದ್ದಾರೆ. ಗುಡುಗಣ್ಣ ಒಲೆಯ ಮೇಲಿದ್ದುದನ್ನೆಲ್ಲ ಪಕ್ಕಕ್ಕೆ ಸರಿಸಿದ. ಹಾಲಿನಲ್ಲಿ ಆರ್ಡರು ಕೊಟ್ಟು ಕೂತವರು ಕೂತೇ ಇದ್ದರು. ಬೆಣ್ಣೆಯಲ್ಲಿ ಕಾಯಿಸಿದ ಬ್ರೆಡ್ಡು, ಮೊಟ್ಟೆ, ಹಬೆಯಾಡುವ ಸೂಪು ತಂದು ಅಡಿಗೆಮನೆಯ ಸಣ್ಣ ಮೇಜಿನ ಮೇಲಿಟ್ಟು, ಕೈ ಕಟ್ಟಿಕೊಂಡು ಎದುರಿಗೇ ನಿಂತ. ಅಜ್ಜಿ ಮೊದಲ ಚಮಚಕ್ಕೇ ನಾಲಿಗೆ ಸುಟ್ಟುಕೊಂಡರು. "ಇಷ್ಟು ಬಿಸಿ ತಿನ್ನೋಕೆ ನನ್ಗೆ ಬರಲ್ಲಪ್ಪ" ಎಂದು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನನಗೆ ನಗು ಬರಲಿಲ್ಲ. ಊದಿ ಊದಿ ತಟ್ಟೆ ಖಾಲಿ ಮಾಡಿದರು, ಆಮೇಲೆ ತುಂಬ ನಾಚಿಕೊಂಡು, "ಇನ್ನೊಂದು ಮೊಟ್ಟೆ ಇದ್ಯಾ?" ಎಂದರು. ಗುಡುಗಣ್ಣ ಮಾಡಿ ಹಾಕಿದ್ದು ಇನ್ನೆರಡು.

ಅಷ್ಟರಲ್ಲಿ ಮಂಜು ಕರಗಿ ವರಾಂಡಕ್ಕೆ ಬಿಸಿಲು ಬಂದಿತ್ತು. ಅಲ್ಲಿಯ ಬೆತ್ತದ ಕುರ್ಚಿಯಲ್ಲಿ ಕೂರಿಸಿದೆ. ಈ ಸಲ ಬೆನ್ನು ಒರಗಿಸಿ ಕೂತರು, ಕೂತಲ್ಲೇ ನಿದ್ದೆ ಹೋದರು. ಮಧ್ಯಾಹ್ನ ಜೀಪಿನಿಂದ ಇಳಿದ ಮ್ಯಾನೇಜರು ತಾಯಿಯ ತೆರೆದ ಬಾಯಿ, ಜೋತುಬಿದ್ದ ಕೈ ಕಂಡು ಮೆಟ್ಟಿಲು ಹಾರಿಕೊಂಡು ಬಂದರು. "ಏನಾಯ್ತು ಅಮ್ಮಂಗೆ? ಅಮ್ಮ ಹಗಲು ಮಲಗೋದೇ ಇಲ್ಲ!" ನಾನು ನಡೆದದ್ದನ್ನು ಮೆಲುದನಿಯಲ್ಲಿ ಹೇಳಿದೆ. ಅವರು ಬೂಟನ್ನೂ ಬಿಚ್ಚದೆ ಮೆಟ್ಟಿಲ ಮೇಲೆ ಕೂತುಬಿಟ್ಟರು. ತಾಯಿಯ ಕಡೆ ನೋಡಿ, "ಮನೇಲಿ ಅಮ್ಮ ಊಟ ಮಾಡೋದನ್ನ ನಾನು ನೋಡೇ ಇಲ್ಲ ಕಣಮ್ಮ" ಎಂದರು.

ಸಂಜೆ ಊಟಕ್ಕೆ ಮೂವರೂ ಬಂದಾಗ ಮ್ಯಾನೇಜರೇ ಎದ್ದು ನಿಂತು ಮೊದಲು ತಾಯಿಯ ತಟ್ಟೆಗೆ ಬಡಿಸಿದರು. ಬಡಿಸುವುದು ಬಾರದು ಪಾಪ, ಅರ್ಧ ಮೇಜಿಗೆ. ಬಡಿಸಿ ಕೈ ಕಟ್ಟಿ ಕೂತರು. ಸೊಸೆಯೂ ಮುಟ್ಟಲಿಲ್ಲ. "ತಿನ್ರೋ, ಆರಿಹೋಗತ್ತೆ" ಎಂದು ಅಜ್ಜಿ. "ನೀನು ಶುರು ಮಾಡಮ್ಮ" ಎಂದು ಮಗ. ಇಬ್ಬರದ್ದೂ ಒಂದೇ ಹಟ. ಅಡಿಗೆಮನೆಯ ಕಿಂಡಿಯಲ್ಲಿ ಗುಡುಗಣ್ಣನ ತಲೆ. ಕೊನೆಗೆ ಅಜ್ಜಿ ಸುತ್ತ ಒಮ್ಮೆ ನೋಡಿ, ಯಾರದೋ ಮನೆಯಲ್ಲಿ ಕದ್ದು ತಿನ್ನುವವರಂತೆ ಒಂದು ತುತ್ತು ಬಾಯಿಗಿಟ್ಟರು. ಆ ಸೊಸೆಯ ಕಣ್ಣಲ್ಲಿ ನೀರು. ನನ್ನದೂ ಏನು ಕಮ್ಮಿ ಇರಲಿಲ್ಲ.

ಆಮೇಲಿನ ದಿನಗಳಲ್ಲಿ ಅಜ್ಜಿಯ ದೂರುಗಳನ್ನು ಕೇಳಬೇಡಿ. ದಿಂಬು ಗಟ್ಟಿ, ಚಹಾ ನೀರು ನೀರು, ಕಿಟಕಿಯ ಪರದೆ ಮಾಸಿದೆ, ಒಂದೇ ಎರಡೇ! ರೂಮಿನ ಕರೆಗಂಟೆ ಒತ್ತುವುದನ್ನು ಕಲಿತ ಮೇಲಂತೂ ನನ್ನ ಕಾಲು ಬಿದ್ದುಹೋಯಿತು. "ಈಗ ನೋಡಿ, ಸರಿಯಾದ ಗಿರಾಕಿ ಆದ್ರು" ಎಂದು ಗುಡುಗಣ್ಣನಿಗೆ ಹೆಮ್ಮೆ. ನಿನ್ನೆ ಬೆಳಗ್ಗೆ ಹೊರಟರು. ಜೀಪಿನ ಮುಂದಿನ ಸೀಟಿನಲ್ಲಿ ಕೂತು, ಡ್ರೈವರಿಗೆ "ನಿಧಾನ ಹೋಗಪ್ಪ, ಎಲ್ಲಾ ನೋಡ್ಬೇಕು" ಎಂದು ಅಪ್ಪಣೆ ಮಾಡುತ್ತಿದ್ದರು.

ನಾದಿನಿಗೂ ಮಕ್ಕಳಿಗೂ ನಮ್ಮೆಲ್ಲರ ನೆನಪು ತಿಳಿಸಿ. ಗುಡುಗಣ್ಣ ನಿಮ್ಮ ಕಾಲಿಗೆ ನಮಸ್ಕಾರ ಹೇಳಿದ್ದಾನೆ, ನೋಯುವ ಕಾಲಿಗೆ ಎರಡು ಸಲ.

ಆಶೀರ್ವಾದ ಬೇಡುವ,
ನಿಮ್ಮ ಸೊಸೆ

ಮರೆತದ್ದು: ಮರೆತದ್ದಲ್ಲ ಅತ್ತೆ, ಬರೆಯಲು ಧೈರ್ಯ ಸಾಲದೆ ಕೊನೆಗೆ ತಳ್ಳಿದ್ದು. ಹೋದ ಸೋಮವಾರ ಫೋನಿನಲ್ಲಿ ನೀವು ನಿಮ್ಮ ಮಗನಿಗೆ, "ಕೆಲಸಕ್ಕೆ ಬಾರದವಳು ಬೆಟ್ಟ ಹತ್ತಿ ಬಂದು ಏನು ಮಾಡ್ಲಿ, ಇಲ್ಲೇ ಇದ್ದುಬಿಡ್ತೀನಿ" ಎಂದಿರಂತೆ. ಅವರು ಅದನ್ನು ನುಂಗಿಕೊಂಡು ಇದ್ದವರು ನಿನ್ನೆ ಬಾಯಿಬಿಟ್ಟರು. ಅಲ್ಲಿ ಮಗಳ ಹತ್ತಿರ ನಿಮಗೆ ಹಿತವೆನಿಸಿದರೆ ಎಷ್ಟು ದಿನ ಬೇಕಾದರೂ ಇರಿ, ನನ್ನ ಮಾತಿಲ್ಲ. ಆದರೆ ಕೆಲಸ ಮಾಡಲಾಗದೆಂಬ ಒಂದೇ ಕಾರಣಕ್ಕಾದರೆ ನಾನು ಒಪ್ಪುವವಳಲ್ಲ. ನನಗೆ ಬೇಕಿರುವುದು ನಿಮ್ಮ ಕೈಕಾಲಲ್ಲ. ಸಾಯಂಕಾಲ ಕೌಂಟರಿನ ಪಕ್ಕದಲ್ಲಿ ಕೂತು, ಬಂದು ಹೋದವರ ವಿಷಯ ಹೇಳಿಕೊಂಡು ನಗಲು ನನಗೆ ಇಲ್ಲಿ ಬೇರೆ ಯಾರಿದ್ದಾರೆ? ನಿಮ್ಮ ಮಗನಿಗೆ ಹೇಳಿದರೆ ಹೂಂ ಎನ್ನುತ್ತಾರೆ, ಅಷ್ಟೇ. ಕೆಳಗಿನ ಮೂಲೆಯ ರೂಮನ್ನು ನಿಮಗೆಂದು ಬಣ್ಣ ಹೊಡೆಸಿದ್ದೇವೆ, ಮೆಟ್ಟಿಲಿಲ್ಲ. ಡಾಕ್ಟರು ಗುರುವಾರ ಪ್ರಯಾಣ ಮಾಡಬಹುದೆಂದಿದ್ದಾರೆಂದು ನಾದಿನಿ ಹೇಳಿದಳು. ಅವತ್ತು ಬೆಳಗ್ಗೆ ನಾವಿಬ್ಬರೂ ಜೀಪು ತರುತ್ತೇವೆ. ಸ್ವೆಟರನ್ನು ಪೆಟ್ಟಿಗೆಯ ಅಡಿಯಲ್ಲಿ ಹಾಕಬೇಡಿ, ಮೇಲಿನ ತಿರುವುಗಳಲ್ಲಿ ಚಳಿ ಇದೆ.