ಇಬ್ಬರಿಗೆ ಬಿಸಿನೀರು

ಜೂಡೀಕ್, ಕೇಪ್ ಬ್ರೆಟನ್
ಅಕ್ಟೋಬರ್ ೧೮, ಸಂತ ಲೂಕರ ಹಬ್ಬ

ಪ್ರೀತಿಯ ಮೊರಾಗ್ ಅಕ್ಕಾ,

ನಿನ್ನ ತಮ್ಮ ಲಾಕ್ಲಿನ್‌ನ ನಮಸ್ಕಾರ. ಸೊಂಟದ ಮೂಳೆ ಕೂಡಿಕೊಳ್ಳುತ್ತಿದೆಯೇ? ಕಂಬಿ ಹಿಡಿದು ಹನ್ನೆರಡು ಹೆಜ್ಜೆ ನಡೆದೆಯೆಂದು ದಾದಿ ದೂರವಾಣಿಯಲ್ಲಿ ತಿಳಿಸಿದಾಗ, ಕೈಯಲ್ಲಿದ್ದ ಜಪಮಾಲೆಯನ್ನು ಮತ್ತೊಮ್ಮೆ ಮೊದಲಿನಿಂದ ಆರಂಭಿಸಿದೆ. ಹ್ಯಾಲಿಫ್ಯಾಕ್ಸಿನ ಆಸ್ಪತ್ರೆಯವರು ಓಟ್ಸ್ ಗಂಜಿಗೆ ಉಪ್ಪು ಹಾಕುವುದಿಲ್ಲವೆಂಬ ನಿನ್ನ ದೂರು ನ್ಯಾಯವಾದದ್ದೇ, ಆದರೂ ಉಣ್ಣು. ಬಲ ಬೇಕು.

ಇನ್ನು ಮನೆಯ ವಾರ್ತೆ. ನೆಲಮಾಳಿಗೆಯಲ್ಲಿ ಅಪ್ಪ ಇರಿಸಿದ್ದ ಬಾಯ್ಲರ್ ಕಳೆದ ತಿಂಗಳ ಕೊನೆಯಲ್ಲಿ ಹೊಟ್ಟೆ ಬಿರಿದು ಪ್ರಾಣ ಬಿಟ್ಟಿತು. ಕೋಣೆಗಳ ಕಾವೂ ಕೊಳಾಯಿಯ ಬಿಸಿನೀರೂ ಒಟ್ಟಿಗೇ ನಿಂತುಹೋದವು. ಅಡುಗೆಮನೆಯ ಸೌದೆ ಒಲೆಯೊಂದೇ ಈಗ ಆಧಾರ. ಕೆಟಲಿನಲ್ಲಿ ಕಾಯಿಸಿದ ನೀರಿನಿಂದ ಮೈ ಒರೆಸಿಕೊಂಡು ಪೂಜೆಗೆ ಹೋಗುತ್ತಿದ್ದೇನೆ. ಅದನ್ನು ಸಹಿಸಬಲ್ಲೆ. ಸಹಿಸಲಾಗದಿರುವುದು ಹೊಸದನ್ನು ಆರಿಸಿಕೊಡಲು ಬಂದ ಮಹಾಶಯರನ್ನು. ಮೊದಲನೆಯವನು ಬೂಟು ಕಳಚದೆಯೇ ಕೆಳಗಿಳಿದು, ಹಳೆಯ ಯಂತ್ರದ ಮೇಲೆ ಅಳತೆ ಕೆತ್ತಿದ ತಗಡನ್ನು ದೀಪ ಹಿಡಿದು ಓದಿ, “ಇದೇ ಸೈಜಿಂದು ಇನ್ನೊಂದು ಇಳಿಸಿದ್ರಾಯ್ತು, ತಾತಾ” ಎಂದ. ಅಪ್ಪ ಅದನ್ನು ತಂದಾಗ ಈ ಮನೆಯಲ್ಲಿ ಹನ್ನೊಂದು ಜನರಿದ್ದೆವು, ಚಳಿ ತಡೆಯಲು ಗೋಡೆಯೊಳಗೆ ಮರದ ಹೊಟ್ಟು ಬಿಟ್ಟರೆ ಬೇರೇನೂ ಇರಲಿಲ್ಲ. ಈಗ ಗೋಡೆ, ಕಿಟಕಿ ಎರಡೂ ಬದಲಾಗಿವೆ, ಒಮ್ಮೆ ಅಳೆದು ನೋಡಬಾರದೇ ಎಂದು ವಿನಯದಿಂದಲೇ ಕೇಳಿದೆ. “ದೊಡ್ಡದಿದ್ರೆ ನಿಮ್ಗೇನ್ ನಷ್ಟ? ಚಳಿ ಆಗಲ್ಲ, ಅಷ್ಟೇ” ಎಂದು ಮೆಟ್ಟಿಲ ಮೇಲೆಲ್ಲ ಕೆಸರು ಬಿಟ್ಟು ಹೋದ. ಅಂಗಿ ಹೊಲಿಯುವವನು ಅಜ್ಜನ ಅಳತೆಯನ್ನು ಮೊಮ್ಮಗನಿಗೆ ಹಿಡಿಯುವುದುಂಟೇ, ಅಕ್ಕಾ?

ಎರಡನೆಯವನನ್ನು ಕಳುಹಿಸಿದವನು ನಮ್ಮ ಡಂಕನ್. ತೀರಿಕೊಂಡ ತಮ್ಮನ ಮಗನೆಂಬ ಮಮತೆಯಿಂದ ಬಾಗಿಲು ತೆರೆದೆ. ಬಿಸಿನೀರು ಹರಿದು ಕೋಣೆ ಕಾಯಿಸುವ ಕಬ್ಬಿಣದ ರೇಡಿಯೇಟರುಗಳನ್ನೆಲ್ಲ ಕಿತ್ತೆಸೆದು ಗೋಡೆಗೆ ವಿದ್ಯುತ್ತಿನಿಂದ ಕಾಯುವ ಬಿಳಿಯ ಪೆಟ್ಟಿಗೆಗಳನ್ನು ತೂಗುಹಾಕುವುದು ಬಂದವನ ಮತ. ಬೆಟ್ಟದ ಕಡೆಯ ಬಿರುಗಾಳಿಗೆ ನಾಲ್ಕು ದಿನ ಕರೆಂಟು ಹೋದರೆ ಗತಿಯೇನೆಂದು ಕೇಳಿದ್ದಕ್ಕೆ, “ಕಂಬಳಿ ಇದೆಯಲ್ಲಾ ಸಾರ್!” ಎಂದು ನಕ್ಕ. ಆ ನಗುವನ್ನೂ ಕ್ಷಮಿಸುತ್ತಿದ್ದೆ. ಆದರೆ ಅವನು ಬಿಟ್ಟುಹೋದ ಕಾಗದವನ್ನು ಊಟದ ಮೇಜಿನ ಮೇಲೆ ಹರಡಿ ಓದಿದೆ: ಮನೆಯಲ್ಲಿರುವವರು, ಒಬ್ಬರು. ಬಿಸಿನೀರಿನ ಟ್ಯಾಂಕ್, ಅತಿ ಚಿಕ್ಕದು. ಕೆಳಗಿನ ದಕ್ಷಿಣದ ಕೋಣೆ, ಕಾವು ಬೇಡ, ಮುಚ್ಚುವುದು.

ಅಕ್ಕಾ, ಅದು ನಿನ್ನ ಕೋಣೆ.

ಒಡನೆಯೇ ಡಂಕನ್‌ಗೆ ಫೋನು ಮಾಡಿದೆ. “ದೊಡ್ಡಪ್ಪ, ಹಟ ಮಾಡ್ಬೇಡಿ. ಬಚ್ಚಲು ಇರೋದು ಮಹಡಿ ಮೇಲೆ. ಅತ್ತೆ ಇನ್ನು ಆ ಮೆಟ್ಲು ಹತ್ತೋದುಂಟಾ? ಅಲ್ಲೇ ಹ್ಯಾಲಿಫ್ಯಾಕ್ಸಲ್ಲಿ ಒಳ್ಳೇ ವೃದ್ಧಾಶ್ರಮ ನೋಡಿದೀನಿ” ಎಂದ. ನೋಡಿದ್ದಾನಂತೆ! ಕುರಿಯನ್ನು ಕೊಳ್ಳುವವನಾದರೂ ಅದರ ಹಲ್ಲು ಹಿಡಿದು ನೋಡುತ್ತಾನೆ. ಇವನು ನಿನ್ನ ಮುಖವನ್ನು ನೋಡದೆ, ನಿನ್ನನ್ನು ಒಂದು ಮಾತೂ ಕೇಳದೆ, ನಿನ್ನ ಮನೆಯ ತಲೆಯೆಣಿಕೆಯಿಂದ ನಿನ್ನನ್ನು ಅಳಿಸಿಹಾಕಿದ. ನನಗೆ ಜ್ವರ ಬಂದಾಗ ನಲವತ್ತು ರಾತ್ರಿ ಕುಳಿತವಳು ನೀನು. ಅವನ ಮೊದಲ ಪರಮಪ್ರಸಾದದ ಅಂಗಿಯನ್ನು ಹೊಲಿದವಳೂ ನೀನೇ. ಆಡಬಾರದ ಒಂದು ಮಾತನ್ನು ಆಡಿ ಫೋನು ಇಟ್ಟೆ. ಶನಿವಾರ ಪಾದ್ರಿಗಳ ಮುಂದೆ ಪಾಪನಿವೇದನೆ ಮಾಡಿದ್ದೇನೆ. ಆದರೆ ಪಶ್ಚಾತ್ತಾಪ ಇನ್ನೂ ಪೂರ್ತಿ ಬಂದಿಲ್ಲ.

ಮೂರನೆಯವಳನ್ನು ನಾನೇ ಕರೆಸಿದೆ. ಕ್ಯಾಟ್ರಿಯೋನ ಎಂಬ ಹೆಂಗಸು, ಕಮ್ಮಾರ ಮಕಿನ್ನಿಸ್‌ನ ಮೊಮ್ಮಗಳು. ಹೊಸಿಲಲ್ಲಿಯೇ ಬೂಟು ಬಿಟ್ಟಳು. ಮೂರು ಗಂಟೆಗಳ ಕಾಲ ಅಳತೆಪಟ್ಟಿ ಹಿಡಿದು ಕಿಟಕಿ, ಗೋಡೆ, ಅಟ್ಟ ಎಲ್ಲವನ್ನೂ ಅಳೆದಳು. ಆಮೇಲೆ ಚಹಾ ಕುಡಿಯುತ್ತಾ, “ತೊಟ್ಟಿ ತುಂಬಾ ನೀರು ತುಂಬ್ಕೊಂಡು ಸ್ನಾನ ಮಾಡೋರು ಯಾರು, ಅಜ್ಜಾ?” ಎಂದು ಕೇಳಿದಳು. ನಮ್ಮಕ್ಕ, ಶನಿವಾರ ಸಂಜೆ, ಕುತ್ತಿಗೆಯವರೆಗೆ ಎಂದೆ. “ಈಗೆಲ್ಲಿದಾರೆ?” ಬರ್ತಿದ್ದಾಳೆ ಎಂದೆ. ಅವಳು ಎದ್ದು ನಿನ್ನ ಕೋಣೆಗೆ ತಾಗಿದ ಉಗ್ರಾಣದ ನೆಲವನ್ನು ಗುದ್ದಿ ನೋಡಿದಳು. “ಪೈಪು ಇದ್ರ ಕೆಳಗೇ ಹೋಗ್ತಿದೆ. ಬಚ್ಚಲನ್ನ ಇಲ್ಲಿಗೇ ಇಳಿಸ್ಬೋದಲ್ಲ? ಬಾಯ್ಲರ್ ಈಗಿನ ಅರ್ಧ ಸಾಕು, ಹಳೇ ರೇಡಿಯೇಟರೇ ಇರ್ಲಿ. ಬಿಸಿನೀರಿನ ಟ್ಯಾಂಕ್ ಮಾತ್ರ ದೊಡ್ಡದು ಬೇಕು.” ಎಪ್ಪತ್ತಾರು ವರ್ಷ ಆ ಉಗ್ರಾಣದಲ್ಲಿ ಆಲೂಗಡ್ಡೆ ಸುರಿದ ನನಗೆ ಹೊಳೆಯದ ಮಾತು! ಡಂಕನ್‌ನ ಮೇಲಿನ ಸಿಟ್ಟಿನಲ್ಲಿ ಸ್ವಲ್ಪ ಪಾಲನ್ನು ನನ್ನ ಮೇಲೆಯೇ ತಿರುಗಿಸಿಕೊಂಡೆ.

ಪಕ್ಕದ ಮನೆಯ ಫ್ಲೋರಾ ನಿನ್ನ ಯೋಗಕ್ಷೇಮ ಕೇಳಿದೆನೆಂದು ತಿಳಿಸಲು ಹೇಳಿದ್ದಾಳೆ. ದೇವಮಾತೆಯು ನಿನ್ನ ಒಂದೊಂದು ಹೆಜ್ಜೆಗೂ ಕೈ ಕೊಡಲಿ.

ನಿನ್ನ ತಮ್ಮ,
ಲಾಕ್ಲಿನ್ ಬೀಟನ್

ಮರೆತಿದ್ದೆ, ಅಂಚೆಯವನು ಗೇಟಿನಲ್ಲಿ ನಿಂತಿದ್ದಾನೆ: ಡಂಕನ್ ಸೋಮವಾರ ಆಶ್ರಮದ ಕಾಗದ ಹಿಡಿದು ನಿನ್ನಲ್ಲಿಗೆ ಬರುತ್ತಾನೆ. ಕನ್ನಡಕ ಸಿಗುತ್ತಿಲ್ಲವೆಂದು ಹೇಳು. ಸಹಿ ಹಾಕಬೇಡ. ಕ್ಯಾಟ್ರಿಯೋನಳ ಕಾಗದಕ್ಕೆ ನಾನು ಸಹಿ ಹಾಕಿದ್ದೇನೆ. ಅದರಲ್ಲಿ ಇಬ್ಬರು ಎಂದಿದೆ.