ಯಾರ ಆಸರೆಯೂ ಇಲ್ಲದೆ

ಡೆಕ್ಲಾನ್ ಅಣ್ಣಾ,

ನೀನಿನ್ನು ಓದಲಾರೆಯೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಇವತ್ತು ಡಬ್ಲಿನ್ನಿನ ಹೈಕೋರ್ಟಿನಲ್ಲಿ ನನ್ನ ನಿವೃತ್ತಿಯ ಬೀಳ್ಕೊಡುಗೆಯಾಯಿತು. ಹಿರಿಯ ವಕೀಲರೊಬ್ಬರು ಎದ್ದು, "ಡೊನೆಗಾಲ್‌ನ ಮೀನುಗಾರರ ಮನೆ ಹುಡುಗಿ, ಯಾರ ಆಸರೆಯೂ ಇಲ್ಲದೆ ನ್ಯಾಯಾಧೀಶೆಯಾದರು," ಎಂದರು. ನನ್ನನ್ನು ಓದಿಸಲೆಂದು ನೀನು ಶಾಲೆ ಬಿಟ್ಟು ದೋಣಿ ಹತ್ತಿದವನು. ನನ್ನ ಮಾತಿನ ಸರದಿ ಬಂದಾಗ ನಾನು ಬರೀ ವಂದನೆ ಹೇಳಿ ಕೂತೆ.

ಹಿಂದಿನ ಸಾಲಿನಲ್ಲಿ ನೋರಿನ್ ಅತ್ತಿಗೆ ಇದ್ದರು. ಹೊರಗೆ ನನ್ನ ಕೋಟಿನ ಕಾಲರ್ ಸರಿಮಾಡುತ್ತಾ, "ನಿಮ್ಮಣ್ಣ ಇದ್ದಿದ್ರೆ ಇವತ್ತು ಪಬ್ಬಲ್ಲಿ ನಿನ್ನ ಬಗ್ಗೆನೇ ಹೇಳ್ತಾ ಒಬ್ರಿಗೂ ಬಾಯಿ ತೆರೆಯೋಕೆ ಬಿಡ್ತಿರ್ಲಿಲ್ಲ ಕಣೆ," ಎಂದು ನಕ್ಕರು. ಆಮೇಲೆ ಮೆಲ್ಲಗೆ ಕೇಳಿದರು: "ಭಾನುವಾರ ಅವ್ರ ಸಮಾಧಿ ಹತ್ರ ಹೋಗ್ತೀನಿ. ನೀನೂ ಬರ್ತೀಯಾ?"

"ಕೆಲಸ ಇದೆ ಅತ್ತಿಗೆ," ಎಂದೆ.

"ಸರಿ ಬಿಡಮ್ಮ," ಎಂದು ಅವರು ಬಸ್ಸಿನ ಕಡೆ ನಡೆದರು. ನಾಳೆಯಿಂದ ನನಗೆ ಯಾವ ಕೆಲಸವೂ ಇಲ್ಲವೆಂದು ಅವರಿಗೂ ಗೊತ್ತಿತ್ತು, ಅಣ್ಣಾ.