ಕವಲುದಾರಿಯ ಮೋಡ

ತೂಬಿನ ಮನೆ, ಒಡ್ಡಿನ ಕೆಳಗೆ
ಮಂಗಳವಾರ, ಜೂನ್ ೧೧

ಮುದ್ದು ಮಗಳೇ,

ಹೇಗಿದ್ದೀಯೇ? ಸೊಂಟನೋವು ಇಳಿಯಿತೇ? ಮೊಮ್ಮಗಳಿಗೆ ನಾಲ್ಕು ತಿಂಗಳು ತುಂಬಿತು, ಮಗ್ಗುಲಾಗುತ್ತಿರಬೇಕು. ಆ ಇಳಿಜಾರಿನ ಊರಲ್ಲಿ ಉರುಳಿಹೋಗದಂತೆ ಎರಡೂ ಪಕ್ಕ ದಿಂಬಿಡು. ಅಳಿಯಂದಿರು ನಕ್ಕರೆ ನಗಲಿ. ನಾವಿಲ್ಲಿ ಚೆನ್ನಾಗಿದ್ದೇವೆ. ನದಿ ಎಂದಿನಂತೆ ಮಳೆ ಬಿದ್ದ ಕೂಡಲೇ ನಮ್ಮ ಕಿಟಕಿಗಿಂತ ಎತ್ತರ ಏರಲು ಕಾಯುತ್ತಿದೆ, ನಾವು ಎಂದಿನಂತೆ ಒಡ್ಡಿನ ಕೆಳಗೆ ಹಾಯಾಗಿ ಬಟ್ಟೆ ಒಣಗಿಸುತ್ತಿದ್ದೇವೆ.

ನಿನ್ನ ಕಾಗದ ಬಂತು. ಅಪ್ಪನಿಗೆ ಮೊಮ್ಮಗಳಿಗಿಂತ ತೂಬೇ ಹೆಚ್ಚು, ಇನ್ನು ತವರಿನ ದಿಕ್ಕಿಗೆ ತಲೆ ಹಾಕಿಯೂ ಮಲಗುವುದಿಲ್ಲ ಎಂದು ಬರೆದಿದ್ದೀಯಲ್ಲ, ಅಯ್ಯೋ ಮಾರಾಯ್ತಿ, ಅವರು ನಿನ್ನಲ್ಲಿಗೇ ಹೊರಟಿದ್ದರು ಕಣೇ! ಹೋದ ಗುರುವಾರ ಹೊಸ ಅಂಗಿ ತೊಟ್ಟು, ಗದ್ದೆಯ ನೀರನ್ನು ನದಿಗೆ ಬಿಡುವ ತೂಬನ್ನು ನನಗೊಪ್ಪಿಸಿ, "ಮೋಡ ಕಂಡ್ರೆ ಮುಚ್ಚಿಬಿಡು, ಇಲ್ಲಾಂದ್ರೆ ನದಿ ಒಳಗೆ ನುಗ್ಗುತ್ತೆ" ಎಂದು ಹತ್ತು ಸಲ ಹೇಳಿ ಬಸ್ಸು ಹತ್ತಿದರು. ಸಂಜೆ ನೋಡಿದರೆ ಏದುಸಿರು ಬಿಡುತ್ತ ಪ್ರತ್ಯಕ್ಷ! ನೇರ ಓಡಿ ಚಕ್ರ ತಿರುಗಿಸಿ ತೂಬು ಮುಚ್ಚಿದರು. "ಉತ್ತರಕ್ಕೆ ಕಾರ್ಮೋಡ ಕಣೇ, ಇಷ್ಟೆತ್ತರ!" ಎಂದು ಕೈ ಮೇಲೆತ್ತಿದರು. ನಾನು ನೋಡುತ್ತೇನೆ, ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿದೆ. ಮೂರು ದಿನ ಮುಚ್ಚಿಯೇ ಇಟ್ಟರು. ಒಂದು ಹನಿಯೂ ಬೀಳಲಿಲ್ಲ, ಹೊರಹೋಗಲಾರದೆ ನಿಂತ ಗದ್ದೆಯ ನೀರಿನಲ್ಲಿ ಪಕ್ಕದ ಮನೆಯ ಕುಂಬಳದ ಬಳ್ಳಿ ತೇಲಿತು. ಕೊನೆಗೆ ಬಸ್ಸಿನ ಡ್ರೈವರೇ ಬಂದು ಗುಟ್ಟು ಬಿಟ್ಟ: "ಅಮ್ಮಾ, ಕವಲುದಾರಿ ಹತ್ರ ಬೆಟ್ಟ ಕಾಣ್ಸಿದ್ದೇ ತಡ, ಮೋಡ ಬಂತು ಅಂತ ಕೂಗಿ ಇಳಿದುಬಿಟ್ರು. ನಾನು ಬಾಯಿ ಬಿಡೋಷ್ಟರಲ್ಲಿ ಎದುರು ಬಸ್ ಹತ್ತಿದ್ರು!" ಅರವತ್ತೆರಡು ವರ್ಷ ಒಡ್ಡಿಗಿಂತ ಎತ್ತರದ್ದೇನನ್ನೂ ಕಾಣದ ಮನುಷ್ಯ, ಪಾಪ. ನಾನು ನಕ್ಕೂ ನಕ್ಕೂ ಬಿಕ್ಕಳಿಸಿದೆ. ಅಂದಿನಿಂದ ಅವರು ನನ್ನೊಡನೆ ಮಾತು ಬಿಟ್ಟಿದ್ದಾರೆ, ಊಟಕ್ಕೆ ಮಾತ್ರ ತಪ್ಪದೆ ಬರುತ್ತಾರೆ.

ಮಗುವಿನ ಎರಡೂ ಕೆನ್ನೆಗೆ ನನ್ನ ಮುತ್ತು, ಅಳಿಯಂದಿರಿಗೆ ಆಶೀರ್ವಾದ. ನಿನ್ನ ತಲೆಗೆ ಎಣ್ಣೆ ಒತ್ತಲು ನನ್ನ ಕೈ ತುರಿಸುತ್ತಿದೆ.

ನಿನ್ನ
ಅಮ್ಮ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅವರೇ ಬಂದು ನಿಂತರು. "ಬೆಟ್ಟದವರ ಮನೆಗೆ ಕಾಲಿಡಲ್ಲ ಅಂತ ಅವಳ ಮದುವೆ ದಿನ ಅಂದೆನಲ್ಲ, ತಪ್ಪಾಯ್ತು ಅಂತ ಬರಿ" ಎಂದರು. ಮೂವತ್ತು ವರ್ಷದಲ್ಲಿ ನನಗೊಮ್ಮೆಯೂ ತಪ್ಪಾಯ್ತು ಎಂದವರಲ್ಲ! ಸೋಮವಾರದ ಬಸ್ಸಿಗೆ ಮತ್ತೆ ಹೊರಡುತ್ತಾರೆ. ಮುನಿಸು ಬಿಟ್ಟು, ಮಗುವನ್ನೆತ್ತಿಕೊಂಡು ಕವಲುದಾರಿಗೆ ಇಳಿದು ಬಾ, ಬಸ್ಸಿನ ಕಿಟಕಿಗೆ ಅವಳನ್ನು ಎತ್ತಿ ತೋರಿಸು. ಮೊಮ್ಮಗಳ ಮುಖ ಕಂಡ ಮೇಲೆ ಆಕಾಶ ನೋಡಲು ಅವರಿಗೆ ಪುರುಸೊತ್ತಿರದು.